ಮಗ್ಗ ನಿಂತ ದಿನಗಳು

ಆಗಸ್ಟ್ 23, ಶನಿವಾರ, ಅಮಾವಾಸ್ಯೆ

ಅಮಾವಾಸ್ಯೆಗೆ ಮಗ್ಗ ನಿಲ್ಲಿಸುವುದು ನಮ್ಮ ನೇಕಾರರ ಪದ್ಧತಿ. ತಿಂಗಳಿಗೆ ಆ ಒಂದು ದಿನ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಕಾಗೆ ಕೂಗಿದ್ದೂ ಕೇಳಿಸುತ್ತದೆ. ಆ ದಿನವನ್ನೇ ನೋಡಿಕೊಂಡು ಬೆಂಗಳೂರಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದೆವು. ನೂಲಿನ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಇಷ್ಟು ದಿನ ಅಕ್ಕಿ ಡಬ್ಬಕ್ಕೆ ಮುಚ್ಚಳವಾಗಿತ್ತು. ಇವತ್ತು ತೆಗೆದು ಒರೆಸಿಕೊಂಡು ಕೂತಿದ್ದೇನೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ, ಹೇಳಿದರೆ ಮಾನ ಹೋಗುತ್ತದೆ. ಡೈರಿಗೆ ಬಾಯಿಲ್ಲ.

ಡಾಕ್ಟರಮ್ಮ ನಮ್ಮ ಮಗಳು ವಾಣಿಗಿಂತ ಚಿಕ್ಕವಳು. "ಕಣ್ಣಿನ ನರ ಒಣಗ್ತಾ ಬಂದಿದೆ ಅಮ್ಮಾ. ಗ್ಲುಕೋಮ. ಪಕ್ಕದ ನೋಟ ಆಗ್ಲೇ ಹೋಗಿದೆ, ಹೋಗಿದ್ದು ವಾಪಸ್ ಬರಲ್ಲ" ಎಂದಳು. ಉಳಿದದ್ದು ಎಷ್ಟು ದಿನ ಎಂದು ಕೇಳಿದೆ. "ಡ್ರಾಪ್ಸ್ ಹಾಕಿ ತಡೆಯೋಕೆ ನೋಡೋಣ. ತುಂಬ ಲೇಟಾಗಿ ಬಂದಿದ್ದೀರ. ನೋಡ್ಬೇಕು ಅನ್ಸಿದ್ದನ್ನೆಲ್ಲ ಈಗ್ಲೇ ನೋಡ್ಕೊಂಬಿಡಿ" ಎಂದಳು. ಸಂತೆಯಲ್ಲಿ ಬದನೆಕಾಯಿ ಮುಗಿಯುತ್ತಿದೆ, ಬೇಗ ತೆಗೆದುಕೊಳ್ಳಿ ಅನ್ನುವ ಧಾಟಿ.

ಬಸ್ಸಿನಲ್ಲಿ ನಮ್ಮನೆಯವರು ಒಂದು ಮಾತೂ ಆಡಲಿಲ್ಲ. ಅಂಗೈ ಮೇಲೆ ಮಾಡಿ ನನ್ನ ಕಡೆ ತೋರಿಸಿದರು. ಏನು ಮಾಡೋಕಾಗುತ್ತೆ, ಎಂದು ಅದರ ಅರ್ಥ. ಮದುವೆಯಾದಂದಿನಿಂದ ನಮ್ಮ ಸಂಸಾರ ನಡೆದಿರುವುದೇ ಹೀಗೆ. ಮನೆಯೊಳಗೇ ಪವರ್‌ಲೂಮ್ ಓಡುವಾಗ ಕೂಗಿದರೂ ಕೇಳುವುದಿಲ್ಲ. ಎರಡು ಬೆರಳು ಕತ್ತರಿಯ ಹಾಗೆ ಆಡಿಸಿದರೆ ಎಳೆ ಕಿತ್ತಿದೆ. ಅಂಗೈ ಎದುರಿಗೆ ಹಿಡಿದರೆ ನಿಲ್ಲಿಸು. ಹೆಬ್ಬೆರಳು ಬಾಯಿಗೆ ತಂದರೆ ಕಾಫಿ. ಜಗಳವನ್ನೂ ಕೈಯಲ್ಲೇ ಆಡಿದ್ದೇವೆ. ಮಗ್ಗ ನಿಂತ ಮೇಲೂ ಅವರಿಗೆ ಬಾಯಿ ಬರುವುದಿಲ್ಲ. ಕೋದಂಡರಾಮಯ್ಯ ಅನ್ನುವ ಈ ಮನುಷ್ಯನ ದನಿ ಹೇಗಿದೆ ಎಂದು ಥಟ್ಟನೆ ಕೇಳಿದರೆ ನಾನೇ ಯೋಚಿಸಬೇಕು. (ಗಂಡನ ಹೆಸರು ಬರೆದುಬಿಟ್ಟೆ. ಇಲ್ಲಿ ಯಾರ ಭಯ.)

ಮನೆಗೆ ಬಂದ ಮೇಲೆ ಹೇಳಿದೆ: "ನೋಡ್ರೀ, ನಾನೇನೂ ನೋಡಿಲ್ಲ. ದೇವನಹಳ್ಳಿ ಕೋಟೆ ನೋಡಿಲ್ಲ. ತಾರಸಿ ಮೇಲಿಂದ ದಿನಾ ಕಾಣೋ ಶಿವಗಂಗೆ ಹತ್ತಿಲ್ಲ. ಮಗ್ಗ ನಿಂತ ದಿನ ಕರ್ಕೊಂಡು ಹೋಗಿ. ಇನ್ನೊಂದು, ಈ ವಿಷಯ ಬೀದೀಲಿ ಯಾರಿಗೂ ಗೊತ್ತಾಗಬಾರದು. ವಾಣಿಗೂ ಅಷ್ಟೇ, ಕನ್ನಡಕ ಬದಲಾಯಿಸ್ಬೇಕಂತೆ ಅಂತ ಹೇಳಿ. ಕುರುಡಿ ಅಂತ ಯಾರ ಬಾಯಲ್ಲಾದ್ರೂ ಬಂದ್ರೆ ನಾನು ಇರಲ್ಲ." ತಲೆಯಾಡಿಸಿದರು.

ಆಗಸ್ಟ್ 31, ಭಾನುವಾರ

ಕರೆಂಟ್ ಇಡೀ ದಿನ ಇಲ್ಲ ಎಂದು ಗೊತ್ತಾದದ್ದೇ ಬಸ್ ಹತ್ತಿದೆವು. ದೇವನಹಳ್ಳಿ ಕೋಟೆ.

ನನ್ನ ನೋಟ ಈಗ ಊದುಗೊಳವೆಯಲ್ಲಿ ಇಣುಕಿದ ಹಾಗೆ. ನೇರಕ್ಕೆ ಹಿಡಿದದ್ದು ಚೆನ್ನಾಗಿ ಕಾಣುತ್ತದೆ. ಅಕ್ಕಪಕ್ಕ ಏನಿದೆಯೋ ದೇವರಿಗೇ ಗೊತ್ತು. ಆದ್ದರಿಂದ ಕೋಟೆಯನ್ನು ತುಂಡು ತುಂಡಾಗಿ ನೋಡಿದೆ. ಕಲ್ಲು ದೂರಕ್ಕೆ ಬೂದಿ, ಹತ್ತಿರ ಹೋದರೆ ಈರುಳ್ಳಿ ಸಿಪ್ಪೆಯ ಬಣ್ಣ. ಸಂದಿಯಲ್ಲಿ ಬೆಳೆದ ಹುಲ್ಲು ಮಾವಿನ ಚಿಗುರಿನ ಹಸಿರು. ಗೋಡೆ ಮೇಲೆ ಹತ್ತಿ ನಿಂತರೆ ಕೆಳಗಿನ ಮನೆಗಳ ತಾರಸಿಯಲ್ಲಿ ಒಣಗಿ ಹಾಕಿದ ಸೀರೆಗಳು: ಕನಕಾಂಬರ, ಆನಂದ ಬ್ಲೂ, ಒಂದು ಮಯೂರಕಂಠಿ. ಅದು ನಮ್ಮೂರ ಸೀರೆಯೇ. ವೇಣುಗೋಪಾಲಸ್ವಾಮಿ ಗುಡಿಯ ಹೊರಗೋಡೆಯ ಮೇಲೆ ರಾಮಾಯಣ ಕೆತ್ತಿದ್ದಾರೆ. ಒಂದೊಂದನ್ನೂ ಊದುಗೊಳವೆಗೆ ತುಂಬಿಕೊಂಡೆ. ತಲೆ ಮೇಲೆ ವಿಮಾನ ಇಳಿಯುತ್ತಿತ್ತು, ಅದರ ಹೊಟ್ಟೆ ಬೆಣ್ಣೆ ಬಣ್ಣ, ಬಾಲಕ್ಕೆ ಅರಗಿನ ಕೆಂಪು. ಅದನ್ನೂ ನೋಡಿದೆ. ಹಸಿದವಳು ಮದುವೆ ಊಟಕ್ಕೆ ಕೂತ ಹಾಗೆ ನೋಡಿದೆ, ಹೊಟ್ಟೆ ಮಾತ್ರ ತುಂಬಲಿಲ್ಲ.

ನಮ್ಮನೆಯವರು ಬಾಗಿಲ ಹತ್ತಿರ ಕೈಕಟ್ಟಿಕೊಂಡು ನಿಂತಿದ್ದರು. ಚೆನ್ನಾಗಿದೆ ಅಲ್ವಾ ಎಂದರೆ ಹೆಬ್ಬೆರಳು ಬಾಯಿಗೆ ತಂದರು. ಟಿಪ್ಪು ಹುಟ್ಟಿದ ಊರಿಗೆ ಬಂದು ಈ ಮಹಾನುಭಾವರಿಗೆ ಕಾಣಿಸಿದ್ದು ಕಾಫಿ ಹೋಟೆಲು.

ಸೆಪ್ಟೆಂಬರ್ 14, ಭಾನುವಾರ

ನಲ್ಲೂರಿನ ಹುಣಸೆ ತೋಪು. ದೇವನಹಳ್ಳಿಯಿಂದ ಆಟೋ ಹಿಡಿದೆವು. ಚೋಳರ ಕಾಲದ ಮರಗಳಂತೆ. ಕಾಂಡಗಳು ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿವೆ, ಒಳಗೆ ಪೊಳ್ಳು. ಒಂದರೊಳಗೆ ಹೋಗಿ ನಿಂತೆ, ನನ್ನಂಥ ಇನ್ನೂ ಇಬ್ಬರು ಹಿಡಿಸುತ್ತಿದ್ದರು. ಬಿದ್ದ ಕೊಂಬೆ ನೆಲ ಮುಟ್ಟಿದ ಕಡೆ ಬೇರು ಬಿಟ್ಟು ಬೇರೆ ಮರವಾಗಿದೆ. ಎಲೆ ಎಳೆ ಹಸಿರು, ತೊಗಟೆ ಕಪ್ಪು. ಕಪ್ಪೋ ಕಂದೋ. ನೆರಳಿನಲ್ಲಿ ಸರಿಯಾಗಿ ತಿಳಿಯಲಿಲ್ಲ.

ಬರುವಾಗ ಕೊಂಬೆ ಹಣೆಗೆ ಬಡಿಯಿತು. ನಮ್ಮನೆಯವರು ಮುಂದೆ ಹೋಗಿದ್ದರು, ನೋಡಲಿಲ್ಲ. ಸೆರಗು ಮುಂದೆ ಎಳೆದುಕೊಂಡೆ. ಮನೆಗೆ ಬಂದಾಗ ಪಕ್ಕದ ಮನೆ ಮುನಿರತ್ನಮ್ಮ ಜಗಲಿಯ ಮೇಲೆ ಕಾಯುತ್ತಿದ್ದಳು. ಆ ಹೆಂಗಸು ಮೂಗಿನಲ್ಲೇ ನೋಡುತ್ತಾಳೆ. "ಏನ್ ವರಲಕ್ಷ್ಮಮ್ಮ, ಗಂಡ ಹೆಂಡ್ತಿ ಈ ವಯಸ್ಸಲ್ಲಿ ಹನಿಮೂನಾ? ಹಣೇಗೇನಾಯ್ತು?" ಎಂದಳು. "ಬಾಗಿಲು ತಗ್ಗು ಕಣಮ್ಮ" ಎಂದೆ. ಇಷ್ಟು ವರ್ಷ ಬಡಿಯದ ಬಾಗಿಲು ಇವತ್ತು ಬಡಿಯಿತಂತೆ. ಸುಳ್ಳಿಗೂ ಒಂದು ಕಣ್ಣು ಬೇಕು.

ಸೆಪ್ಟೆಂಬರ್ 24, ಬುಧವಾರ

ಮಗ್ಗದ ಹಾಸು, ಅಂದರೆ ಉದ್ದದ ಎಳೆಗಳು, ಮುಗಿದಾಗ ಹಳೆಯ ಎಳೆಗೆ ಹೊಸ ಎಳೆ ಹೊಸೆದು ಸೇರಿಸುವ ಕೆಲಸ ನನ್ನದು. ಬೆರಳಿಗೆ ಬೂದಿ ಹಚ್ಚಿಕೊಂಡು ಕೂತರೆ ನನ್ನಷ್ಟು ಬೇಗ ಈ ಬೀದಿಯಲ್ಲಿ ಯಾರೂ ಮಾಡುತ್ತಿರಲಿಲ್ಲ. ಇವತ್ತು ಅಂಚಿನಲ್ಲಿ ನೇರಳೆಯ ಜಾಗಕ್ಕೆ ಕಪ್ಪು ಸೇರಿಸಿದ್ದೇನೆ. ಒಂದಲ್ಲ ಎರಡಲ್ಲ, ಇಡೀ ಅಂಚು.

ಅವರು ಮಗ್ಗ ಓಡಿಸಿ, ನೋಡಿ, ನಿಲ್ಲಿಸಿದರು. ಕೈಸನ್ನೆ ಕೂಡ ಮಾಡಲಿಲ್ಲ. ತಾವೇ ಕೂತು ಎಲ್ಲ ಕತ್ತರಿಸಿ ಮತ್ತೆ ಸೇರಿಸಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನು ಅಡುಗೆಮನೆಯಲ್ಲಿ ಕೂತು, ಮಗ್ಗ ಓಡುವುದನ್ನೇ ಕಾದು, ಜೋರಾಗಿ ಅತ್ತೆ. ಪವರ್‌ಲೂಮ್ ಇರುವ ಮನೆಯಲ್ಲಿ ಅದೊಂದು ಅನುಕೂಲ.

ಅಕ್ಟೋಬರ್ 3

ಬಲಗಣ್ಣು ಮುಚ್ಚಿ ನೋಡಿದೆ. ಎಡಗಣ್ಣಿನಲ್ಲಿ ಬೆಳಕಿದೆ, ಅಷ್ಟೇ.
ಯಾರಿಗೂ ಹೇಳಿಲ್ಲ. ಹೇಳಿದರೆ ಹೊರಗೆ ಕರೆದುಕೊಂಡು ಹೋಗುವುದಿಲ್ಲ.

ಅಕ್ಟೋಬರ್ 13, ಸೋಮವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ಬಲ ಅಂಗೈಗೆ ಬಟ್ಟೆ ಸುತ್ತಿದೆ, ಅಕ್ಷರ ನನಗೇ ತಿಳಿಯುತ್ತಿಲ್ಲ.

ಹುಲುಕುಡಿ ಬೆಟ್ಟಕ್ಕೆ ಹೋಗಿದ್ದೆವು. ಹತ್ತಿರದ ಬೆಟ್ಟ, ಮೆಟ್ಟಿಲಿದೆ, ಮೇಲೆ ವೀರಭದ್ರಸ್ವಾಮಿ. ಮೆಟ್ಟಿಲ ಅಂಚನ್ನು ಕಾಲಿನಿಂದ ತಡವಿಕೊಂಡು, ಸೋತವಳ ಹಾಗೆ ಅಲ್ಲಲ್ಲಿ ಕೂತು, ಹೇಗೋ ಗುಡಿಯವರೆಗೆ ಹೋದೆ. ಮಂಗಳಾರತಿಯ ಬೆಳಕು ಕಂಡಿತು, ಸ್ವಾಮಿ ಕಾಣಲಿಲ್ಲ. ಆಮೇಲೆ ಇನ್ನೂ ಮೇಲಿನ ಬಂಡೆಗೆ ಹೋಗಬೇಕೆಂದು ಹಠ ಹಿಡಿದವಳು ನಾನೇ. ಅಲ್ಲಿಂದ ಕೆರೆ ಕಾಣುತ್ತದೆ ಎಂದು ಯಾರೋ ಹೇಳಿದ್ದರು.

ಅವರು ಮುಂದೆ, ನಾನು ಹಿಂದೆ. ಒಂದು ಕಡೆ ಬಂಡೆ ಒಡೆದು ಕೆಳಗೆ ಜಾರಿಕೊಂಡು ಹೋಗಿದೆ. ಅವರು ತಿರುಗಿ ನಿಂತು ಅಂಗೈ ಎದುರಿಗೆ ಹಿಡಿದರಂತೆ. ನಿಲ್ಲಿಸು ಎಂದು. ಬಿಸಿಲಿಗೆ ಎದುರಾಗಿ ನಿಂತ ಅವರು ನನಗೆ ಒಂದು ಕಪ್ಪು ಕಂಬದ ಹಾಗೆ ಕಂಡರು, ಕಂಬದ ಕಡೆಗೆ ನಡೆದೆ. ಕಾಲ ಕೆಳಗೆ ಬಂಡೆ ಇರಲಿಲ್ಲ.

ಲಂಟಾನ ಪೊದೆ ಹಿಡಿದು ನಿಲ್ಲಿಸಿತು. ಇಲ್ಲದಿದ್ದರೆ ಈ ಡೈರಿ ಮತ್ತೆ ಅಕ್ಕಿ ಡಬ್ಬದ ಮೇಲೆ ಹೋಗುತ್ತಿತ್ತು. ಅವರು ಇಳಿದು ಬಂದು ನನ್ನನ್ನು ಎತ್ತಿ ಕೂರಿಸಿದರು, ಉಸಿರು ಕಿತ್ತು ಬರುತ್ತಿತ್ತು.

"ನಿಲ್ಲು ಅಂದೆ ಅಲ್ವೇನೇ!"

"ಅನ್ನಲಿಲ್ಲ ನೀವು."

"ಅಂದೆ ಕಣೇ! ಕೈ ಹಿಂಗೆ…"

"ತೋರ್ಸಿದ್ರಿ. ಅನ್ನಲಿಲ್ಲ."

ಆಮೇಲೆ ನನ್ನ ಮುಖದ ಮುಂದೆ ಏನೋ ಗಾಳಿ ಆಡಿತು. ಕೈ ಆಡಿಸಿ ನೋಡುತ್ತಿದ್ದರು. ನಾನು ಕಣ್ಣು ಮಿಟುಕಿಸಲಿಲ್ಲ ಎಂದು ಕಾಣುತ್ತದೆ.

"ಯಾವಾಗಿಂದ?" ಎಂದರು.

ಬಿಸಿಲು, ತಲೆಸುತ್ತು ಎಂದೆಲ್ಲ ಹೇಳಿದೆ. ಅವರು ಅದನ್ನೇ ಮತ್ತೆ ಕೇಳಿದರು. ಹೇಳಿಬಿಟ್ಟೆ. ಎಡದ್ದು ಹೋಗಿದೆ, ಬಲದ್ದು ಹೋಗುತ್ತಿದೆ, ಕೋಟೆಯ ದಿನ ಕಂಡದ್ದು ತೋಪಿನ ದಿನ ಕಾಣಲಿಲ್ಲ ಎಂದು. ಅವರು ಬಂಡೆಯ ಮೇಲೆ ಕೂತು ಮಗುವಿನ ಹಾಗೆ ಅತ್ತರು. ಅಳುವ ದನಿಯೂ ನನಗೆ ಹೊಸದು.

ಅಕ್ಟೋಬರ್ 16, ಗುರುವಾರ

ಹೊಸಕೋಟೆಯಿಂದ ವಾಣಿ ಬಂದಿದ್ದಳು. ಅಪ್ಪ ಎಲ್ಲ ಹೇಳಿದ್ದಾರೆ. ಮಾತಿಗೆ ತಪ್ಪಿದ ಮನುಷ್ಯ. "ಏನಮ್ಮಾ ಇದು, ನನಗ್ಯಾಕೆ ಹೇಳ್ಲಿಲ್ಲ? ಬಿದ್ದು ಸೊಂಟ ಮುರ್ಕೊಂಡಿದ್ರೆ ಏನ್ ಗತಿ? ಇನ್ನು ಬೆಟ್ಟ ಗಿಟ್ಟ ಎಲ್ಲ ಬಂದ್. ಮನೇಲಿ ಹಾಯಾಗಿ ಕೂತ್ಕೊ" ಎಂದಳು. ಅಳಿಯನಿಗೆ ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಶಿಫ್ಟು, ಸಂಜೆಗೇ ಹೊರಟಳು.

ಹಾಯಾಗಿ ಕೂರಬೇಕಂತೆ. ಏನನ್ನು ನೋಡಿಕೊಂಡು ಕೂರಲಿ?

ಶಿವಗಂಗೆ ಆಗಲಿಲ್ಲ. ಚಳಿ ಬರಲಿ, ಬಿಸಿಲು ಇಳಿಯಲಿ ಎಂದು ಮುಂದಕ್ಕೆ ಹಾಕಿದ್ದೆ. ಊಟದ ಕೊನೆಗೆ ಸಿಹಿ ಇಟ್ಟುಕೊಂಡ ಹಾಗೆ ಇಟ್ಟುಕೊಂಡೆ, ಎಲೆಯನ್ನೇ ಎತ್ತಿಬಿಟ್ಟರು. ತಾರಸಿಗೆ ಹೋಗಿ ಪಡುವಣಕ್ಕೆ ಮುಖ ಮಾಡಿ ನಿಂತೆ. ಅಲ್ಲಿದೆ ಎಂದು ಗೊತ್ತು. ಗೊತ್ತಿರುವುದಕ್ಕೂ ಕಾಣುವುದಕ್ಕೂ ಇರುವ ಅಂತರ ಯಾರಿಗೆ ಹೇಳಲಿ. ದೇವರೇ, ಏನು ತಪ್ಪು ಮಾಡಿದ್ದೆ?

ನವೆಂಬರ್ 3, ಸೋಮವಾರ

ಸಾಲು ಸಾಲಿನ ಮೇಲೆ ಬರುತ್ತಿರಲಿಲ್ಲ, ಬರೆಯುವುದನ್ನು ಬಿಟ್ಟಿದ್ದೆ. ಅವರು ಒಂದು ರಟ್ಟಿಗೆ ಅಡ್ಡಡ್ಡ ದಪ್ಪ ದಾರ ಬಿಗಿದು ತಂದರು. ಹಾಳೆಯ ಮೇಲೆ ಇಟ್ಟರೆ ಎರಡು ದಾರದ ನಡುವೆ ಒಂದು ಸಾಲು. ಎಡಗೈ ಬೆರಳು ದಾರದ ಮೇಲೆ, ಬಲಗೈಯಲ್ಲಿ ಪೆನ್ನು. ಏನು ಬರೆಯುತ್ತೀ ಎಂದು ಕೇಳಲಿಲ್ಲ. ಕೇಳಿದರೂ ಹೇಳುತ್ತಿರಲಿಲ್ಲ.

ಆದರೆ ಈ ಮನುಷ್ಯನಿಗೆ ಈಗ ಬಾಯಿ ಬಂದಿದೆ! ಬಂದ ಬಾಯಿಗೆ ಅಳತೆಯಿಲ್ಲ. ಮಗ್ಗದ ಸದ್ದಿನಲ್ಲಿ ಬೆಳೆದ ಕಿವಿ, ಮಾತೆಲ್ಲ ಕೂಗು. "ನಾನು ಬಂದೆ ಕಣೇ!" ಎಂದು ಬಾಗಿಲಲ್ಲಿ ಕೂಗುತ್ತಾರೆ. "ಲೋಟ ಬಲಗಡೆ ಇದೆ! ಬಿಸಿ ಇದೆ!" ಎಂದು ಕೂಗುತ್ತಾರೆ. ಬೀದಿಗೆಲ್ಲ ನಮ್ಮ ಲೋಟ ಎಲ್ಲಿದೆ ಎಂದು ಗೊತ್ತು. ನಿನ್ನೆ ಮುನಿರತ್ನಮ್ಮ ಕೇಳಿಯೇಬಿಟ್ಟಳು: "ಅಲ್ಲ ಕಣೇ, ನಿಮ್ಮ ಯಜಮಾನ್ರು ಒಂದು ಲೋಟಕ್ಕೆ ಅಷ್ಟೊಂದು ಯಾಕೆ ಕೂಗ್ತಾರೆ?" ನಾನು ಒಳಗೆ ಬಂದು ಕಿರುಚಿದೆ: "ಡಂಗುರ ಹೊಡೆಸ್ಬಿಡಿ! ಕುರುಡಿ ಇದ್ದಾಳೆ ಬಂದು ನೋಡಿ ಅಂತ ಟಿಕೆಟ್ ಇಡಿ!" ಸ್ವಲ್ಪ ಹೊತ್ತಿಗೆ ಹತ್ತಿರ ಬಂದು, ಪಿಸುದನಿ ಎಂದುಕೊಂಡು, ಮಾಮೂಲಿ ಮನುಷ್ಯರು ಆಡುವಷ್ಟು ದನಿಯಲ್ಲಿ ಹೇಳಿದರು: "ಎಷ್ಟು ಜೋರಾಗಿ ಅನ್ಬೇಕು ಅಂತ ಗೊತ್ತಾಗಲ್ಲ ಕಣೇ."

ನವೆಂಬರ್ 20, ಗುರುವಾರ, ಅಮಾವಾಸ್ಯೆ

ಬೆಟ್ಟ ಬೇಡ ಎಂದಿದ್ದಾಳೆ ಮಗಳು, ಬಸ್ಸಲ್ಲಿ ಕೂತು ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಬೇಡ ಎಂದಿಲ್ಲ. ಹೋಗಿ ಬಂದೆವು. ಎಲ್ಲವನ್ನೂ ಚೆನ್ನಾಗಿ ನೋಡಿದೆ.

ಮರದ ಬುಡದಲ್ಲಿ ಹರಕೆಯ ನಾಗರಕಲ್ಲುಗಳು, ಸಾಲಾಗಿ ನೂರಾರು. ಒಂದೊಂದರ ಹೆಡೆಯೂ ಬೇರೆ. ಹಳೆಯವು ನುಣ್ಣಗೆ ಸವೆದು ಸಾಬೂನಿನ ಹಾಗಿವೆ, ಹೊಸದರ ಅಂಚು ಇನ್ನೂ ಚುಚ್ಚುತ್ತದೆ. ಒಂದು ಕಲ್ಲಿಗೆ ಯಾರೋ ಆಗತಾನೆ ಹಾಲೆರೆದಿದ್ದರು, ತಣ್ಣಗೆ, ಅಂಟಂಟು. ಅರಿಶಿನದ ವಾಸನೆ, ಅದರ ಹಿಂದೆ ಹಸಿ ಮಣ್ಣು, ಅದರ ಹಿಂದೆ ಎಲ್ಲೋ ಒಗ್ಗರಣೆ. ಎದುರು ಬಂದ ಹೆಂಗಸಿನ ಹೊಸ ರೇಷ್ಮೆ ಸರಬರ ಎಂದಿತು, ಪಾಲಿಸ್ಟರ್ ಬೆರೆತ ರೇಷ್ಮೆ, ಅಸಲಿ ಹಾಗೆ ಸದ್ದು ಮಾಡುವುದಿಲ್ಲ. ಕೋತಿ ತಗಡಿನ ಮೇಲೆ ಓಡಿತು, ಮರಿಯಿರಬೇಕು, ಹಗುರ ಹೆಜ್ಜೆ. ರೈಲು ಕೂಗಿ ಬೆಟ್ಟಕ್ಕೆ ಬಡಿದು ವಾಪಸು ಬಂತು.

ಆಕಾಶ ಹೇಗಿದೆ ಎಂದು ಕೇಳಿದೆ. ನೀಲಿ ಎಂದರು. ಯಾವ ನೀಲಿ ಎಂದೆ. ನಲವತ್ತು ವರ್ಷಕ್ಕೂ ಮೇಲೆ ಬಣ್ಣ ನೇಯ್ದವರು ಬರೀ ನೀಲಿ ಎಂದರೆ ನಾನು ಬಿಡುತ್ತೇನೆಯೇ? ತಲೆ ಮೇಲೆ ಮಾಡಿ ಬಹಳ ಹೊತ್ತು ನಿಂತಿದ್ದರು.

"ಬಿಳಿ ಹಾಸು, ಆನಂದ ಬ್ಲೂ ಹೊಕ್ಕು" ಎಂದರು. "ಸರಿಯಾಗಿ ಬಡಿದಿಲ್ಲ. ಅಲ್ಲಲ್ಲಿ ಬಿಳಿ ಬಿಟ್ಕೊಂಡಿದೆ."

ಕಂಡಿತು. ಒಂದು ಕ್ಷಣ, ನಿಜವಾಗಿ. ಆಮೇಲೆ ಇನ್ನು ಇದೇ ಗತಿಯಲ್ಲವೇ ಎಂದು ನೆನಪಾಯಿತು. ನನ್ನ ಆಕಾಶವನ್ನು ಇನ್ನೊಬ್ಬರ ಬಾಯಿಂದ ಬೇಡಿ ತಿನ್ನಬೇಕು.

ಡಿಸೆಂಬರ್ 8, ಸೋಮವಾರ

ಎಚ್ಚರವಾಯಿತು. ಇನ್ನೂ ಕತ್ತಲು. ಬೆಳಗಾಗಲಿ ಎಂದು ಮಲಗಿಯೇ ಇದ್ದೆ. ಎಷ್ಟು ಹೊತ್ತಾದರೂ ಬೆಳಗಾಗಲಿಲ್ಲ. ಆಗ ಪಕ್ಕದ ಮನೆಯ ಮಗ್ಗ ಶುರುವಾಯಿತು. ಎದುರು ಮನೆಯದೂ ಶುರುವಾಯಿತು. ಹಾಲಿನವನ ಗಾಡಿ ಹೋಯಿತು.

ಬೆಳಗಾಗಿತ್ತು.

ಡಿಸೆಂಬರ್ 11

ಡ್ರಾಪ್ಸ್ ಬಾಟಲಿಯನ್ನು ಬಚ್ಚಲಿಗೆ ಎಸೆದೆ. ಊಟ ಬೇಡ ಎಂದೆ. ಸ್ನಾನ ಬೇಡ ಎಂದೆ. ಅವರು ಮಗ್ಗ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತರು. ಅಮಾವಾಸ್ಯೆಯಲ್ಲ, ಕರೆಂಟಿದೆ, ಒಪ್ಪಿಕೊಂಡ ಸೀರೆಗಳಿವೆ. ಹೋಗಿ ಎಂದರೂ ಹೋಗಲಿಲ್ಲ. ಬದುಕಬೇಕು ಅನ್ನಿಸುತ್ತಿಲ್ಲ ಎಂದು ಹೇಳಿದೆ. ಅವರು ನನ್ನ ಕಾಲು ಒತ್ತುತ್ತಾ ಕೂತರು.

ಡಿಸೆಂಬರ್ 17, ಬುಧವಾರ

"ಶುಕ್ರವಾರ ಅಮಾಸೆ. ಶಿವಗಂಗೆಗೆ ಹೋಗೋಣ" ಎಂದರು ಊಟ ಮಾಡುತ್ತಾ.

"ಏನ್ ನೋಡೋಕೆ?"

"ನಾನೂ ನೋಡಿಲ್ಲ ಕಣೇ."

ಹೌದಲ್ಲ. ಹನ್ನೆರಡನೆಯ ವಯಸ್ಸಿಗೆ ಮಗ್ಗಕ್ಕೆ ಕೂತ ಮನುಷ್ಯ. ಕೋಟೆ, ತೋಪು, ಬೆಟ್ಟ, ಎಲ್ಲದರಲ್ಲೂ ನನ್ನ ಹಿಂದೆ ಮುಂದೆ ಓಡಾಡಿದ್ದು ಬಿಟ್ಟರೆ ಅವರು ಏನು ನೋಡಿದರು ಎಂದು ನಾನು ಕೇಳಿಯೇ ಇಲ್ಲ.

ವಾಣಿಗೆ ಹೇಳುವುದು ಬೇಡ, ಕೆಳಗಿನ ಗುಡಿಗೆ ಮಾತ್ರ ಎಂದು ಹೇಳೋಣ ಎಂದು ಮಾತಾಯಿತು. ಈ ವಯಸ್ಸಿನಲ್ಲಿ ಮಗಳಿಗೆ ಸುಳ್ಳು ಹೇಳಿ ಗಂಡನ ಜೊತೆ ಓಡಿಹೋಗುವ ಯೋಗ ನನ್ನದು. ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಇದೆ, ಇಲ್ಲಿ ಮಾತ್ರ ಬರೆಯುತ್ತೇನೆ: ಅಷ್ಟು ಎತ್ತರದಲ್ಲಿ, ಅಷ್ಟು ಬಯಲಿನಲ್ಲಿ, ಬೆಳಕು ಜಾಸ್ತಿ ಇರುತ್ತದೆ. ಒಂದು ಚೂರು ಕಂಡರೂ ಸಾಕು. ಬೆಟ್ಟದ ಅಂಚಿನ ಒಂದು ಗೆರೆ ಸಾಕು.

ಡಿಸೆಂಬರ್ 20, ಶನಿವಾರ

ಮೈಯೆಲ್ಲ ನೋವು. ಆದರೂ ಬರೆಯುತ್ತೇನೆ, ನಾಳೆಗೆ ಬಿಟ್ಟರೆ ಮರೆಯುತ್ತದೆ.

ನಿನ್ನೆ ಮೊದಲ ಬಸ್ಸಿಗೇ ಹೊರಟು ದಾಬಸ್‌ಪೇಟೆಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆವು. ಗಂಗಾಧರೇಶ್ವರನ ಗುಡಿಯಲ್ಲಿ ಲಿಂಗಕ್ಕೆ ತುಪ್ಪ ತಿಕ್ಕಿದರೆ ಬೆಣ್ಣೆಯಾಗುತ್ತದೆ ಎನ್ನುತ್ತಾರೆ. ಪೂಜಾರಿಗಳು ನನ್ನ ಅಂಗೈಗೂ ಒಂದಿಷ್ಟು ಹಾಕಿದರು. ತಣ್ಣಗೆ, ಗಟ್ಟಿಯಾಗಿ, ಬೆಣ್ಣೆಯೇ. ಆಗುವುದಿಲ್ಲ ಎಂದಿದ್ದು ಇಲ್ಲಿ ಆಗುತ್ತದೆ ಎಂದುಕೊಂಡೆ.

ಮೇಲೆ ಒಳಕಲ್ಲು ತೀರ್ಥ. ಬಂಡೆಯಲ್ಲಿ ಒಳಕಲ್ಲಿನ ಹಾಗೊಂದು ಗುಳಿ, ಕೈ ಇಳಿಸಿದರೆ ಪುಣ್ಯವಂತರಿಗೆ ನೀರು ಸಿಗುತ್ತದೆ. ಕಣ್ಣು ಬೇಡದ ಕೆಲಸ. ಮಂಡಿಯೂರಿ ತೋಳು ಪೂರ್ತಿ ಇಳಿಸಿದೆ. ಕಲ್ಲು, ತಂಪು, ಇನ್ನೂ ಕಲ್ಲು. ಭುಜ ನೆಲಕ್ಕೆ ಒತ್ತಿ ಬೆರಳು ಚಾಚಿದೆ. ನೀರಿಲ್ಲ. ಹಿಂದೆ ನಿಂತವರು ಯಾರೋ "ಎಲ್ರಿಗೂ ಸಿಗಲ್ಲಮ್ಮ, ಬನ್ನಿ ಬನ್ನಿ" ಎಂದರು. ಎದ್ದೆ. ನಮ್ಮನೆಯವರೂ ಕೈ ಹಾಕಿದರು. "ನಂಗೂ ಸಿಗ್ಲಿಲ್ಲ ಕಣೇ" ಎಂದರು. ಆಮೇಲೆ ಹತ್ತುವಾಗ ಅವರ ಕೈ ಹಿಡಿದೆ. ತೋಳಿನ ತುದಿ ಒದ್ದೆಯಾಗಿತ್ತು.

ಅಲ್ಲಿಂದ ಮೇಲೆ ಬಂಡೆಯಲ್ಲಿ ಕಡಿದ ಮೆಟ್ಟಿಲು, ಒಂದು ಕಡೆ ಕಬ್ಬಿಣದ ಕಂಬಿ. ಇಡೀ ದಾರಿ ಅವರು ಮಾತಾಡಿದರು. "ಈಗ ಎತ್ತರದ್ದು. ಈಗ ಗಿಡ್ಡ. ಇಲ್ಲಿ ಅಂಚು ಒಡೆದಿದೆ. ಕೋತಿ ಕೂತಿದೆ, ಚೀಲ ಗಟ್ಟಿ ಹಿಡ್ಕೊ." ನಾನು ಮಾತಿಗಿಂತ ಪಾದವನ್ನು ನಂಬಿದೆ. ಚಪ್ಪಲಿ ಕೆಳಗೇ ಬಿಟ್ಟಿದ್ದೆ. ಸಾವಿರಾರು ಜನ ತುಳಿದ ಕಡೆ ಕಲ್ಲು ತಗ್ಗಾಗಿದೆ, ಆ ತಗ್ಗು ಹಿಡಿದು ಹೋದರೆ ದಾರಿ ತಪ್ಪುವುದಿಲ್ಲ. ಮೇಲೆ ಹೋದಂತೆ ಗಾಳಿ ತಣ್ಣಗಾಯಿತು. ತುಟಿಯ ಮೇಲೆ ತೇವ ಕೂತಿತು.

ತುದಿಗೆ ಬಂದೆವು. ಕಣ್ಣು ಅಗಲ ಮಾಡಿ, ಅಗಲ ಮಾಡಿ, ಎಲ್ಲ ದಿಕ್ಕಿಗೂ ತಿರುಗಿದೆ.

ಏನೂ ಇಲ್ಲ. ಗೆರೆಯಿಲ್ಲ, ಬೆಳಕಿನ ಚೂರಿಲ್ಲ.

"ಹೇಳಿ" ಎಂದೆ. "ನೀವಾದ್ರೂ ಹೇಳಿ. ಏನೇನ್ ಕಾಣುತ್ತೆ? ನಮ್ಮೂರು ಕಾಣುತ್ತಾ? ತುದೀಲಿರೋ ಕಲ್ಲಿನ ಬಸವಣ್ಣ ಎಲ್ಲಿ?"

ಅವರು ಅತ್ತಿತ್ತ ಹೆಜ್ಜೆ ಬದಲಿಸಿದ್ದು ಕೇಳಿಸಿತು.

"ಹೇಳ್ರೀ!"

"ನಂಗೂ ಏನೂ ಕಾಣ್ತಿಲ್ಲ ಕಣೇ."

ರೇಗಿಹೋಯಿತು. ನೀರು ಸಿಕ್ಕರೂ ಸಿಗಲಿಲ್ಲ ಎಂದ ಮನುಷ್ಯ ಈಗ ಕಣ್ಣಿದ್ದೂ ಇಲ್ಲ ಎನ್ನುತ್ತಾರೆ, ನನ್ನ ಸಮಾಧಾನಕ್ಕೆ! ನಾನು ಸಣ್ಣ ಮಗುವೇ? "ನಿಮ್ಮ ಕರುಣೆ ನಿಮ್ಮ ಹತ್ರಾನೇ ಇಟ್ಕೊಳ್ಳಿ, ಇದೊಂದಕ್ಕೆ ಇಷ್ಟು ದಿನ ಕಾದಿದ್ದೆ" ಎಂದು ಬಾಯಿಗೆ ಬಂದ ಹಾಗೆ ಬೈದೆ. ಅಷ್ಟರಲ್ಲಿ ಬಲಗಡೆಯಿಂದ ಹುಡುಗರ ದನಿ: "ಥೂ, ಏನ್ ಗುರು ಇದು! ಬೆಳಗ್ಗೆ ನಾಕಕ್ಕೆದ್ದು ಬಂದ್ರೆ ಬರೀ ಮಂಜು. ನಂಗೆ ನೀನೇ ಕಾಣ್ತಿಲ್ಲ ಮಗಾ." ಒಂದು ಹುಡುಗಿ ಹೇಳಿದಳು: "ಬಸವನ ಹತ್ರ ಹೋಗ್ಬೇಡ್ರೋ, ಅಂಚು ಎಲ್ಲಿದೆ ಅಂತಾನೇ ತಿಳೀತಿಲ್ಲ."

ನಿಜವಾಗಿಯೂ ಮಂಜು. ಅವರಿಗೂ ಕಾಣುತ್ತಿರಲಿಲ್ಲ, ಯಾರಿಗೂ ಕಾಣುತ್ತಿರಲಿಲ್ಲ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಂಜು ಏಳಲಿ ಎಂದು ಕಾದೆವು. ಏಳಲಿಲ್ಲ, ಗಾಳಿ ಜೋರಾಯಿತು, ಹಲ್ಲು ಕಟಕಟ ಎಂದಿತು. ಇಳಿದುಬಿಡೋಣ ಎಂದೆ. ಅವರು ಮುಂದೆ ಕಾಲಿಟ್ಟು, ತೆಗೆದು, ಮತ್ತೆ ಇಟ್ಟರು.

"ಮೆಟ್ಲು ಕಾಣ್ತಿಲ್ಲ. ಬಂಡೆ ಎಲ್ಲ ಒದ್ದೆ. ಆಗಲ್ಲ ಕಣೇ ನನ್ನ ಕೈಲಿ." ಹುಲುಕುಡಿ ಅವರ ಮನಸ್ಸಿನಲ್ಲಿತ್ತು ಎಂದು ಕಾಣುತ್ತದೆ.

ನನಗೆ ಚಳಿ, ಹಸಿವು, ಕೋಪ, ಎಲ್ಲ ಒಟ್ಟಿಗೆ. "ಇಲ್ಲೇ ಸಂಸಾರ ಹೂಡೋಣ್ವಾ? ಜರುಗಿ ಅತ್ಲಾಗೆ" ಎಂದು ಮುಂದೆ ಹೋದೆ. ಬಲಗೈಗೆ ಕಂಬಿ ಸಿಕ್ಕಿತು. ಪಾದಕ್ಕೆ ತಗ್ಗು ಸಿಕ್ಕಿತು. "ಭುಜ ಹಿಡ್ಕೊಳ್ಳಿ. ಕಣ್ಣಿರೋರ ಥರ ನಡೀಬೇಡಿ, ಕಾಲು ಎತ್ಬೇಡಿ, ಜಾರಿಸಿ. ಈಗ ಎತ್ತರದ್ದು. ಇದರ ಅಂಚು ಒಡೆದಿದೆ, ಎಡಕ್ಕಿಡಿ." ಹತ್ತುವಾಗ ಸಿಕ್ಕಿದ್ದೇ ಇಳಿಯುವಾಗಲೂ ಸಿಗುತ್ತದೆ, ಅದರಲ್ಲೇನಿದೆ. ಹಿಂದಿನಿಂದ ಆ ಹುಡುಗಿ ಕೂಗಿದಳು: "ಆಂಟೀ, ಒಂದ್ನಿಮಿಷ, ನಾವೂ ಬರ್ತೀವಿ!" ಅವಳು ನಮ್ಮನೆಯವರ ಭುಜ ಹಿಡಿದಳು, ಅವಳ ಹಿಂದೆ ಹುಡುಗರು, ಅವರ ಹಿಂದೆ ಇನ್ಯಾರೋ ಮುದುಕಪ್ಪ ಶಿವ ಶಿವ ಎನ್ನುತ್ತಾ. ನಾನು ಮೆಟ್ಟಿಲು ಹೇಳಿದ್ದನ್ನು ನಮ್ಮನೆಯವರು ತಮ್ಮ ಮಗ್ಗದ ದನಿಯಲ್ಲಿ ಹಿಂದಕ್ಕೆ ಕೂಗಿದರು. ಆ ದನಿಯೂ ಒಂದು ಕಡೆ ಉಪಯೋಗಕ್ಕೆ ಬಂತು.

ಒಳಕಲ್ಲಿನ ಹತ್ತಿರ ಬರುವಷ್ಟರಲ್ಲಿ ಮಂಜು ತೆಳುವಾಯಿತಂತೆ. ಎಲ್ಲರೂ ಕೈ ಬಿಟ್ಟು ದೊಡ್ಡ ಉಸಿರು ಬಿಟ್ಟರು. ಹುಡುಗಿ ನನ್ನ ಎದುರಿಗೆ ಬಂದು ನಿಂತಳು.

"ತುಂಬ ಥ್ಯಾಂಕ್ಸ್ ಆಂಟಿ. ನೀವಿಲ್ದಿದ್ರೆ ನಾವು ಇನ್ನೂ ಅಲ್ಲೇ ಕೂತಿರ್ತಿದ್ವಿ. ಅಷ್ಟು ಮಂಜಲ್ಲೂ ನಿಮಗೆ ಹೆಂಗೆ ಕಾಣ್ತಿತ್ತು?"

ನಮ್ಮನೆಯವರು ಕನ್ನಡಕ, ಬಿಸಿಲು, ತಗ್ಗು ಬಾಗಿಲು, ಯಾವುದಾದರೂ ಒಂದು ಸುಳ್ಳು ಹುಡುಕುತ್ತಿದ್ದರು, ಪಾಪ. ಅವರಿಗೆ ಸುಳ್ಳು ಬೇಗ ಹೊಳೆಯುವುದಿಲ್ಲ.

"ನಂಗೆ ಕಾಣಲ್ಲ ಕಣಮ್ಮ" ಎಂದೆ. "ಮಂಜಿಲ್ದಿದ್ರೂ ಕಾಣಲ್ಲ. ಕಣ್ಣು ಹೋಗಿದೆ."

ಹುಡುಗರ ನಗು ನಿಂತಿತು. ನನ್ನ ಬಾಯಿಂದ ಬಂದ ಮಾತು ನನ್ನ ಕಿವಿಗೇ ಬಿತ್ತು. ಒದ್ದೆ ಬಂಡೆಯ ಮೇಲೆ ಅಲ್ಲೇ ಕೂತೆ. ಮಗ್ಗದ ಸದ್ದಿಲ್ಲದ ಕಡೆ, ಅಷ್ಟು ಜನರ ಎದುರಿಗೆ, ದನಿ ತೆಗೆದು ಅತ್ತೆ. ಶಿವಗಂಗೆಗೆ ಬಂದೂ ಶಿವಗಂಗೆ ನೋಡಲಿಲ್ಲ ಎಂದು ಅತ್ತೆ. ಇನ್ನು ಯಾವತ್ತೂ ನೋಡುವುದಿಲ್ಲ ಎಂದು ಅತ್ತೆ.

ಜನ ಸರಿದು ಹೋದರು. ನಮ್ಮನೆಯವರು ಪಕ್ಕದಲ್ಲಿ ಕೂತರು, ಟವೆಲ್ ಬಿಚ್ಚಿ ನನ್ನ ತಲೆಗೆ ಹೊದಿಸಿದರು. ಸುಮ್ಮನಿರು ಎನ್ನಲಿಲ್ಲ.

"ಅಳು" ಎಂದರು, ಮೆಲ್ಲಗೆ. "ಬಸ್ಸಿಗಿನ್ನೂ ಟೈಮಿದೆ."